ದೋಣಿಗೆ ಬಾವಿಯ ಹಗ್ಗ

ನಮ್ಮ ದೊಡ್ಡಪ್ಪ ತಮ್ಮ ನೆರಳನ್ನೂ ನಂಬುವುದಿಲ್ಲ ಎಂದು ಊರಲ್ಲಿ ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು! ಮಧ್ಯಾಹ್ನ ಹನ್ನೆರಡಕ್ಕೆ, ಅದು ಕಾಲಡಿಯಲ್ಲೇ ಬಿದ್ದಿರುವಾಗ, ಸ್ವಲ್ಪ ನಂಬುತ್ತಾರೆ. ಕಲ್ಲಂಗಡಿ ಕೊಳ್ಳುವಾಗ ಬಡಿದು ನೋಡುವುದು ಎಲ್ಲರೂ ಮಾಡುವ ಕೆಲಸ. ಇವರು ಮಾತ್ರ ಬಡಿದ ಹಣ್ಣನ್ನು ಬಿಟ್ಟು ಪಕ್ಕದ್ದನ್ನು ತರುತ್ತಾರೆ. ಬಡಿದದ್ದು ಯಾವುದೆಂದು ಮಾರುವವನು ನೋಡಿರುತ್ತಾನಲ್ಲ!

ಇಂಥವರು ನಮ್ಮ ಮನೆಗೆ ಹಿರಿಯರು. ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ವಳಸಂಗದ ನಮ್ಮ ಮನೆಯಲ್ಲಿ ಅವರ ಸಹಿಯಿಲ್ಲದೆ ಒಂದು ಕಾಗದವೂ ಹೊಸ್ತಿಲು ದಾಟುವುದಿಲ್ಲ. ಈ ಬೇಸಿಗೆಯಲ್ಲಿ ಹತ್ತು ವರ್ಷದ ನನ್ನ ಮಗಳು ಶಾಲೆಯ ಶಿಬಿರದಿಂದ ಒಂದು ಸಮ್ಮತಿಪತ್ರ ತಂದಳು. ಶನಿವಾರ ಗುಡ್ಡಕ್ಕೆ ನಡಿಗೆ, ರಾತ್ರಿ ಅಲ್ಲಿನ ಗುಡಿಯಲ್ಲಿ ವಸ್ತಿ, ಬೆಳಿಗ್ಗೆ ಕೆಳಗಿನ ಕೆರೆಯಲ್ಲಿ ದೋಣಿ. ಕೆರೆಯ ನೀರಿನಲ್ಲಿ ಅರ್ಧ ಮುಳುಗಿ ನಿಂತ ಜಾಲಿಮರವೊಂದಿದೆ. ಮಕ್ಕಳು ತಾವೇ ಹುಟ್ಟು ಹಾಕಿಕೊಂಡು ಹೋಗಿ ಆ ಮರ ಮುಟ್ಟಿ ಬರಬೇಕು. ಮಗಳಿಗೆ ಅದೊಂದೇ ಧ್ಯಾನ. ಒಂದು ತಿಂಗಳಿಂದ ಅನ್ನದ ಸೌಟು ಹಿಡಿದು ಹಾಸಿಗೆಯ ಮೇಲೆ ಕೂತು ಹುಟ್ಟು ಹಾಕುತ್ತಿದ್ದಳು.

ದೊಡ್ಡಪ್ಪ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿದರು. ಮರಾಠಿಯಲ್ಲಿತ್ತು. ಅವರಿಗೆ ಮರಾಠಿ ಸರಾಗವಾಗಿ ಓದಲು ಬರುತ್ತದೆ. ಆದರೆ ತಮ್ಮ ಓದಿನ ಮೇಲೂ ಅನುಮಾನ! ಒಮ್ಮೆ ನನ್ನಿಂದ ಓದಿಸಿದರು. ನನ್ನನ್ನು ಹೊರಗೆ ಕಳಿಸಿ ನನ್ನ ಹೆಂಡತಿಯಿಂದ ಇನ್ನೊಮ್ಮೆ ಓದಿಸಿದರು. ಇಬ್ಬರ ಮಾತೂ ತಾಳೆಯಾದಾಗ ಅನುಮಾನ ಇನ್ನಷ್ಟು ಬಲವಾಯಿತು.

“ಇಬ್ರೂ ಒಂದ ನಮೂನಿ ಹೇಳ್ತೀರಿ. ಮೊದಲ ಮಾತಾಡ್ಕೊಂಡೀರೇನು?”

ಅಂತೂ ಸಹಿ ಬಿತ್ತು. ಆಮೇಲೆ ಯಾರೂ ಏನೂ ಸೇರಿಸಬಾರದೆಂದು ಕಾಗದದ ಖಾಲಿ ಜಾಗಕ್ಕೆಲ್ಲ ಅಡ್ಡಗೆರೆ ಎಳೆದರು. ಪಾಪ, ಶಿಬಿರದ ಗುರುಗಳಿಗೆ ತಾರೀಖು ಬರೆಯಲೂ ಜಾಗ ಉಳಿಯಲಿಲ್ಲ. ಜೊತೆಗೊಂದು ಷರತ್ತು: “ನಾನೂ ಬರಾಂವ. ದೋಣಿ ನನ್ನ ಮನಸಿಗಿ ಬರ್ಲಿಲ್ಲಂದ್ರ ನಮ್ಮ ಕೂಸು ಅದರಾಗ ಕುಂಡ್ರಂಗಿಲ್ಲ.”

ಅವರನ್ನು ಕಾಯಲು ನಾನೂ ಹೊರಟೆ. ಶನಿವಾರ ಸಂಜೆ ಹನ್ನೆರಡು ಮಕ್ಕಳ ಹಿಂದೆ ದೊಡ್ಡಪ್ಪ ಗುಡ್ಡ ಹತ್ತಿದರು. ಹೆಗಲ ಮೇಲೆ ನಮ್ಮ ಹಳೆಯ ಬಾವಿಯ ಹಗ್ಗದ ದೊಡ್ಡ ಸುರುಳಿ.

“ಹಗ್ಗ ಯಾಕ್ರಿ ಅಜ್ಜಾರ?” ಎಂದರು ಗುರುಗಳು.

“ಈಗ ಹೇಳಿದ್ರ ನೀವು ತಯಾರಾಗ್ತೀರಿ.”

ಗುಡಿಯ ಮುಂದೆ ಮಕ್ಕಳು ಚಪ್ಪಲಿಗಳನ್ನು ಸಾಲಾಗಿ ಬಿಟ್ಟರು; ಗುರುಗಳೂ ನಾನೂ ನಮ್ಮವನ್ನು ಬಾಗಿಲಿನ ಆಚೆ ಬದಿಗೆ ಬಿಟ್ಟೆವು. ದೊಡ್ಡಪ್ಪನ ಪದ್ಧತಿ ಬೇರೆ. ಒಂದು ಚಪ್ಪಲಿ ಮಕ್ಕಳ ಸಾಲಿನ ತುದಿಗೆ, ಇನ್ನೊಂದು ಅತ್ತ ಬೇವಿನ ಗಿಡದ ಬುಡದಲ್ಲಿ. ಜೋಡಿಯಿಲ್ಲದ ಚಪ್ಪಲಿಯನ್ನು ಯಾವ ಕಳ್ಳ ಒಯ್ಯುತ್ತಾನೆ? ನಸುಕಿನಲ್ಲಿ ಎದ್ದವರು ಮಲಗಿದ ಮಕ್ಕಳ ಬದಲು ಚಪ್ಪಲಿ ಎಣಿಸಿದರು. ಇಪ್ಪತ್ತನಾಲ್ಕು ಇರಬೇಕಾದಲ್ಲಿ ಇಪ್ಪತ್ತೈದು!

“ಏಳ್ರೋ! ಯಾರೋ ಹೆಚ್ಚಿಗಿ ಬಂದು ಮಲಗ್ಯಾನ!”

ಮಕ್ಕಳೆಲ್ಲ ಎದ್ದರು. ಒಂದೊಂದೇ ಚಾದರ ಝಾಡಿಸಿ ನೋಡಿದ್ದಾಯಿತು. ಕೊನೆಗೆ ನನ್ನ ಮಗಳೇ ಕಣ್ಣುಜ್ಜಿಕೊಳ್ಳುತ್ತ ಬಂದು ಬೆರಳು ಮಾಡಿದಳು. “ಅಜ್ಜಾ, ಇದು ನಿಂದ.”

ದೊಡ್ಡಪ್ಪ ಚಪ್ಪಲಿಯನ್ನು ಹಿಂದೆ ಮುಂದೆ ತಿರುವಿ ನೋಡಿದರು. “ನಂದ ಇರಬಹುದು. ಆದ್ರ ಇದನ್ನ ಇಲ್ಲಿ ತಂದಿಟ್ಟಾಂವ ಯಾರು?”

ಕೆರೆಯ ದಡದಲ್ಲಿ ದೋಣಿಯ ಪರೀಕ್ಷೆ ನಡೆಯಿತು. ಬೆರಳ ಗೆಣ್ಣಿನಿಂದ ಅದರ ಮೈಯೆಲ್ಲ ಬಡಿದರು. ಮಕ್ಕಳು ತೊಡುವ ಕಿತ್ತಳೆ ಜಾಕೀಟು ಮೂಸಿ ನೋಡಿದರು, ಹಿಚುಕಿದರು. ಎರಡರಲ್ಲೂ ತಪ್ಪು ಸಿಗಲಿಲ್ಲ. ಆದರೆ ದೊಡ್ಡಪ್ಪನ ದೊಡ್ಡ ಅನುಮಾನವಿದ್ದದ್ದು ಕೆರೆಯ ಮೇಲೆಯೇ! ಕಾಲುವೆ ಬಂದ ಮೇಲೆ ತುಂಬಿದ ಕೆರೆ ಅದು.

“ಈ ಕೆರ್‍ಯಾಗ ನಾ ಎಮ್ಮಿ ಮೇಸೇನಿ. ಕಬಡ್ಡಿ ಆಡೇನಿ. ಈ ನೀರು ನಿನ್ನಿ ಮೊನ್ನಿದು, ಇದರ ಗುರುತು ಯಾರಿಗೈತಿ?”

ಅವರ ಬಾಲ್ಯದಲ್ಲಿ ಊರ ಬಾವಿಗಳಲ್ಲಿ ಕೊಡ ಮುಳುಗುವಷ್ಟು ನೀರಿದ್ದರೆ ಹೆಚ್ಚು. ಈಜು ಕಲಿಯುವುದೆಲ್ಲಿ ಬಂತು? ಹರಿಯುವ ಕಾಲುವೆಯಲ್ಲಿ ಕಾಲು ತೊಳೆಯುವಾಗಲೂ ಅವರು ಹಿಮ್ಮಡಿಗಿಂತ ಮೇಲೆ ನೀರು ಬಿಟ್ಟುಕೊಂಡವರಲ್ಲ.

ಹಗ್ಗದ ಗುಟ್ಟು ಆಗ ಬಯಲಾಯಿತು. ಅದರ ಒಂದು ತುದಿ ದೋಣಿಯ ಹಿಂಬದಿಗೆ, ಇನ್ನೊಂದು ತುದಿ ದೊಡ್ಡಪ್ಪನ ಮುಂಗೈಗೆ! ಉಳಿದ ಮಕ್ಕಳು ಬಿದ್ದು ಬಿದ್ದು ನಕ್ಕರು. ಅವರೆಲ್ಲ ಆಗಲೇ ಹಗ್ಗವಿಲ್ಲದೆ ಮರ ಮುಟ್ಟಿ ಬಂದಿದ್ದರು. ಮಗಳ ಮುಖ ಸಪ್ಪಗಾಯಿತು, ಆದರೂ ದೋಣಿಯಲ್ಲಿ ಗುರುಗಳ ಮುಂದೆ ಕೂತು ಹುಟ್ಟು ಎತ್ತಿದಳು. ದಡದಿಂದ ದೊಡ್ಡಪ್ಪನ ಕೂಗು ನಿಲ್ಲಲೇ ಇಲ್ಲ. “ಬಲಕ್ಕ ಹೋಗಬ್ಯಾಡ್ರಿ! ಅಲ್ಲಿ ನಮ್ಮ ಎಮ್ಮಿ ಸಿಕ್ಕೊಂಡಿತ್ತು!”

ಮರ ಇನ್ನು ಎಂಟು ಹತ್ತು ಮಾರು ಇದೆ ಎನ್ನುವಾಗ ಹಗ್ಗ ಮುಗಿಯಿತು. ದೋಣಿ ಜಗ್ಗಿ ನಿಂತಿತು.

“ಬಿಚ್ಚಲೇನ್ರಿ ಅಜ್ಜಾರ?” ಎಂದು ಗುರುಗಳು ಕೂಗಿದರು.

“ಬಿಚ್ಚಬ್ಯಾಡ್ರಿ! ಬಿಚ್ಚಿದ್ರ ನನ್ನ ಸೈ ರದ್ದು!”

ಮಗಳು ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ದಡದ ಕಡೆ ತಿರುಗಿದಳು. ಅಳು ಬಾಯಿಗೆ ಬಂದಿತ್ತು. ನನಗೆ ದೊಡ್ಡಪ್ಪನ ಮೇಲೆ ನಿಜವಾಗಿಯೂ ಸಿಟ್ಟು ಬಂತು. ಈಗ ಇವರು ಹಗ್ಗ ಎಳೆದುಬಿಡುತ್ತಾರೆ, ಮಗುವಿನ ಒಂದು ತಿಂಗಳ ಆಸೆ ಮುಗಿಯಿತು ಎಂದುಕೊಂಡೆ.

ದೊಡ್ಡಪ್ಪ ಎಳೆಯಲಿಲ್ಲ. ಒಂದು ಗಳಿಗೆ ನೀರನ್ನೇ ದಿಟ್ಟಿಸಿದರು. ಆಮೇಲೆ ಕಾಲಿಟ್ಟರು. ನೀರು ಮೊಣಕಾಲು ದಾಟಿತು. ಧೋತರ ಉಬ್ಬಿ ಮೇಲೆ ತೇಲಿತು. ಸೊಂಟ ದಾಟಿತು. ನಾನು ಗಾಬರಿಯಾಗಿ ಹಿಂದೆಯೇ ಇಳಿದು ಅವರ ಅಂಗಿ ಹಿಡಿದೆ. ಅವರು ಹಗ್ಗದ ಕೈಯನ್ನು ತಲೆಯ ಮೇಲೆತ್ತಿಕೊಂಡು, ತುಟಿ ಕಚ್ಚಿ, ಮೆಲ್ಲಗೆ ಮುಂದೆ ಸರಿಯುತ್ತಲೇ ಇದ್ದರು. ನೀರು ಎದೆಗೆ ಬಂತು.

ಆಚೆ ದೋಣಿ ಅಲುಗಿತು. ಮಗಳು ಹುಟ್ಟು ಹಾಕಿದಳು. ಜಾಲಿಯ ಟೊಂಗೆಯನ್ನು ಅಂಗೈಯಿಂದ ಬಡಿದು ಕೂಗಿದಳು: “ಅಜ್ಜಾ! ಮುಟ್ಟಿದೆ!”

ದಡಕ್ಕೆ ಕರೆತಂದು ಕೂರಿಸಿದ ಮೇಲೆ ಕೇಳಿದೆ. “ಈಜ ಬರೂದಿಲ್ಲ ನಿಮಗ. ನೀರಾಗ ಯಾಕ ಇಳದ್ರಿ ದೊಡಪ್ಪಾ?”

ಅವರು ಧೋತರ ಹಿಂಡುತ್ತ, ಇಂಥದ್ದನ್ನೂ ಕೇಳುತ್ತಾನಲ್ಲ ಎಂದು ನನ್ನನ್ನೇ ಅನುಮಾನದಿಂದ ನೋಡಿದರು.

“ಹಗ್ಗ ಸಾಲಲಿಲ್ಲೋ ತಮ್ಮಾ.”