ಮೋಟಾರಿನ ಮುಂದಿನ ಗಾಜಿಗಿ ರೇಟು ಕೇಳಿದ್ದು

ಮೋಟಾರು ಹೊಡಿಯೋ ಮನಿಷ್ಯಾಗ ನಗೂ ಪ್ರಸಂಗಕ್ಕ ಯಾವತ್ತೂ ಕೊರತಿ ಇರೂದಿಲ್ಲ. ಎಂಜಿನ್ನು ಸುಮ್ನಿದ್ರ ಗಾಲಿ ಕಾಡ್ತದ, ಗಾಲಿ ಸುಮ್ನಿದ್ರ ಪ್ಯಾಸೆಂಜರು ಕಾಡ್ತಾರ. ನಿಜಾಮರ ಆಳಿಕಿಯ ಕಡೀ ಕಾಲದಾಗ ನಾನು ಯಾದಗಿರಿ ಟೇಶನ್ನಿನಿಂದ ಶಹಾಪುರ, ಅಲ್ಲಿಂದ ಸುರಪುರದ ಮಟ ಒಂದು ಖಾಸಗಿ ಮೋಟಾರು ಹೊಡೀತಿದ್ದೆ. ಮಾಲಕರು ಶಹಾಪುರದಾಗ ಅರಿವಿ ಅಂಗಡಿ ಇಟ್ಟಿದ್ದ ಒಬ್ಬ ಸಾಹುಕಾರ್ರು. ಅದಕ್ಕಿಂತ ಮೊದಲು ನಾನು ಅವರ ಚಕ್ಕಡಿ ಹೊಡೀತಿದ್ದೆ. ಒಮ್ಮಿ ಮೋಟಾರಿನ ಮುಂದಿನ ಗಾಜು ಒಡೀತು. ಹೊಸಾದು ಕೂಡೂತನಕ ಆದ ಫಜೀತಿ ನೆನಸಿದ್ರ ಈಗೂ ನಗು ಬರ್ತದ.

ಗುಂಡಕಲ್ಲು

ದೋರನಹಳ್ಳಿಯಾಗ ಒಬ್ಬ ಮುದುಕಿ ಹತ್ತಿದಳು. ಮಗಳ ಮನಿಗಿ ಅಂತ ರುಬ್ಬೋ ಗುಂಡಕಲ್ಲು ತಂದಿದ್ದಳು. ಒಳಗ ಕಾಲಿಡಾಕ ಜಾಗಾ ಇದ್ದಿಲ್ಲ. ನಾನೇ ಕಲ್ಲನ್ನ ಮೋಟಾರಿನ ನೆತ್ತಿ ಮ್ಯಾಲ ಏರಿಸಿ ಹಗ್ಗ ಬಿಗದೆ.

ಊರು ದಾಟಿದ್ದಷ್ಟೇ ತಡ, ಹಾದಿಗಿ ಅಡ್ಡ ಒಂದು ಎಮ್ಮಿ ಬಂತು. ಗಪ್ಪನೆ ಬ್ರೇಕ್ ಒತ್ತಿದೆ. ಎಮ್ಮಿ ಉಳೀತು, ಹಗ್ಗ ಹರೀತು. ಗುಂಡಕಲ್ಲು ಉರುಳಿ ಬಾನೆಟ್ಟಿನ ಮ್ಯಾಲ ಬಿದ್ದು, ಪುಟದು, ಗಾಜು ಒಡಕೊಂಡು ಒಳಗ ಬಂದು ನನ್ನ ಬಾಜೂ ಸೀಟಿನ್ಯಾಗ ಕುಂತಬಿಡ್ತು. ಪುಣ್ಯಾಕ ಅಲ್ಲಿ ಕುಂತಾಂವ ಊರ ಕಡೀ ಮನಿ ಹತ್ರ ಇಳದು ಹೋಗಿ ಆ ಸೀಟು ಖಾಲಿ ಇತ್ತು.

ನನ್ನ ತೊಡಿ ತುಂಬ ಗಾಜಿನ ಚೂರು. ಮುದುಕಿ ಹಿಂದಿನ ಸೀಟಿನಿಂದ ಎಲ್ಲಾರನ್ನೂ ನೂಕಿ ಓಡಿ ಬಂದಳು. ಹೆತ್ತ ಕರುಳು, ನೋಡು ಹೆಂಗ ಮಿಡೀತದ ಅಂತ ನನ್ನ ಕಣ್ಣಾಗ ನೀರು ಬಂತು.

"ಏನೂ ಆಗಿಲ್ಲ ಬಿಡವ್ವಾ, ಗಾಬರಿ ಆಗಬ್ಯಾಡ" ಅಂದೆ.

"ನಿನ್ನ ಯಾರು ಕೇಳ್ಯಾರ? ಬಾಜೂಕ ಸರಿ. ಕಲ್ಲಿಗಿ ಎಲ್ಲೆರ ಚಕ್ಕಿ ಎದ್ದದೇನು ನೋಡ್ತೀನಿ!"

ರೇಟಿನ್ಯಾಗ ಏನ್ ಬರ್ತದ

ಮೋಟಾರು ನೋಡಿ ಸಾಹುಕಾರ್ರು ಕಟ್ಟಿ ಮ್ಯಾಲ ಕುಂತಬಿಟ್ರು. "ಇದಕ್ಕ ಸುರಿದು ಸುರಿದು ನನಗ ಸಾಕಾಗ್ಯಾದ. ಖರ್ಚು ಭಾಳ ಬಂತಂದ್ರ ಮಾರಿಬಿಡ್ತೀನಿ. ನೀ ಮತ್ತ ಚಕ್ಕಡಿ ಹೊಡಿ" ಅಂದ್ರು.

ಎತ್ತಿನ ಬಾಲ ಹಿಡದು ಬ್ಯಾಸತ್ತು, ಕಲಬುರಗಿಗಿ ಹೋಗಿ ಬೈಗಳ ತಿಂದು ಮೋಟಾರು ಕಲತಾಂವ ನಾನು. "ಮೊದಲು ರೇಟು ಕೇಳೂಣ ನಡೀರಿ" ಅಂತ ಅವರನ್ನ ಯಾದಗಿರಿಗಿ ಕರಕೊಂಡು ಹೋದೆ. ಅಲ್ಲಿ ಟೇಶನ್ನಿನ ಕಡಿ ಮೋಟಾರು ರಿಪೇರಿ ಮಾಡೋ ಒಬ್ಬ ಉಸ್ತಾದ ಇದ್ದ. ಗಡ್ಡಕ್ಕ ಮೆಹಂದಿ, ಕೈಗಿ ಗ್ರೀಸು.

ಉಸ್ತಾದ ಗಾಜಿನ ಜಾಗಾದಾಗ ಕೈ ಆಡಿಸಿ ಒಂದು ರೇಟು ಹೇಳಿದ. ಸಾಹುಕಾರ್ರು ಅರಿವಿ ಯಾಪಾರದವರು, ಸುಮ್ನ ಒಪ್ಪೋ ಪೈಕಿ ಅಲ್ಲ.

"ಗಾಜು ಕೂಡ್ಸೋದು ಇದ್ರಾಗ ಬಂತಲ್ಲ?"

"ನಹೀ ಸಾವ್ಕಾರ್, ಕೂಡ್ಸೋದು ಅಲಗ್, ಬ್ಯಾರೇ ರೊಕ್ಕ."

"ಸುತ್ತಲಿನ ರಬ್ಬರು?"

"ರಬ್ಬರ್ ಭೀ ಅಲಗ್."

"ಹೈದರಾಬಾದಿನಿಂದ ರೈಲಿನ್ಯಾಗ ಬರಬೇಕಲ್ಲ, ಅದ್ರ ಬಾಡಿಗಿ?"

"ಅಲಗ್."

"ಬರೋ ಹಾದ್ಯಾಗ ಒಡೀತಂದ್ರ?"

ಉಸ್ತಾದ ಆಕಾಶದ ಕಡಿ ಕೈ ಎತ್ತಿ, "ಅಲ್ಲಾ ಮಾಲಿಕ್!" ಅಂದ.

ಸಾಹುಕಾರ್ರ ಮಾರಿ ಕೆಂಪಗಾತು. "ಮತ್ತ ನೀ ಹೇಳಿದ ರೇಟಿನ್ಯಾಗ ಬರೂದಾದ್ರೂ ಏನು?"

ಉಸ್ತಾದ ಭಾಳ ಮರ್ಯಾದಿಲೆ ಬೆಂಚು ಸರಿಸಿ ಕೊಟ್ಟು, "ಚಹಾ ಬರ್ತದ್ರೀ, ಕೂಡ್ರಿ" ಅಂದ.

ರೂಮಿ ಟೊಪಗಿ

ಸಾಹುಕಾರ್ರು ಚಹಾ ಕುಡದು, ಮಾತು ಕೊಡದ ಎದ್ದು ಬಂದ್ರು. "ಇನ್ನೊಂದು ಕಡಿ ಕೇಳಿ ನೋಡೂಣ" ಅಂದ್ರು. ಅಷ್ಟರತನಕ ಗಾಜಿಲ್ಲದ ಮೋಟಾರೇ ಓಡಬೇಕಾತು. ಧೂಳಿಗಿ ನನ್ನ ಕಣ್ಣು ಬಾತು ಮೆಣಸಿನಕಾಯಿ ಆದ್ವು.

ಕಂದಾಯದ ಒಬ್ಬ ಗಿರ್ದಾವರ ಸಾಹೇಬ್ರು ನಮ್ಮ ಮೋಟಾರಿಗಿ ಕಾಯಂ ಗಿರಾಕಿ. ಮುಂದಿನ ಸೀಟು ಅವರಿಗೇ ಬೇಕು. ಅವತ್ತೂ ಬಿಳೀ ಶೇರವಾನಿ, ಗೊಂಡೇ ಇಳಿಬಿಟ್ಟ, ಡಬ್ಬಿಯಂಥ ಕೆಂಪು ರೂಮಿ ಟೊಪಗಿ ಹಾಕ್ಕೊಂಡು ಬಂದ್ರು.

"ಸಾಹೇಬ್ರೇ, ಇವತ್ತು ಹಿಂದ ಕೂಡ್ರಿ. ಮುಂದ ಗಾಜಿಲ್ಲ" ಅಂದೆ.

"ಗಿರ್ದಾವರ ಹಿಂದ ಕೂಡ್ತಾನೇನಯ್ಯಾ? ಹೊಡಿ ಮೋಟಾರು!"

ಹೊಡದೆ. ಇಳಕಲಿನ್ಯಾಗ ಮೋಟಾರು ಜೋರು ಹಿಡೀತು, ಗಾಳಿ ಭರ್ರ್ ಅಂತ ಒಳಗ ನುಗ್ಗಿತು. ಟೊಪಗಿ ಸಾಹೇಬ್ರ ತಲಿ ಬಿಟ್ಟು ಎದ್ದು, ಮಂದಿ ತಲಿ ಮ್ಯಾಲ ಹಾರಿಕೋತ ಹೋಗಿ ಕಟ್ಟಕಡೀ ಸೀಟಿನ ಮುಂದ ಇದ್ದ ಬುಟ್ಟ್ಯಾಗ ಬಿತ್ತು. ಆ ಬುಟ್ಟಿ ಭೀಮಾ ದಂಡಿ ಊರಿನ ಒಬ್ಬ ಹೆಣ್ಮಗಳದು. ಶಹಾಪುರದ ಸಂತಿಗಿ ಮೀನಾ ಮಾರಾಕ ಹೊಂಟಿದ್ದಳು.

ಸಾಹೇಬ್ರು ಬೋಳು ತಲಿ ಮ್ಯಾಲ ಕೈ ಇಟ್ಟು ಹಿಂದಕ ತಿರುಗಿ ನೋಡಿದ್ರು. ಆಕಿ ಎದ್ದು ನಿಂತು, ಟೊಪಗಿ ತಿರುವಿ ಒಳಗ ನೋಡಿ ಕೇಳಿದಳು:

"ಇದ್ರ ತುಂಬ ಕೊಡ್ಲೇನ್ರೀ ಸಾಹೇಬ್ರ, ಅರ್ಧಾ ಸಾಕೇನ್ರೀ?"

ಗ್ವಾಡಿ

ಎರಡನೇ ರೇಟು ಕೇಳಾಕ ಸುರಪುರಕ್ಕ ಹೋದ್ವಿ. ಅಲ್ಲಿ ದೇವರ ಪಟಕ್ಕ ಕಟ್ಟು ಹಾಕೋ ಒಬ್ಬ ಬಡಿಗ್ಯಾರು ಇದ್ರು. "ಇದೇನು ದೊಡ್ಡ ಕೆಲಸ? ಕಿಡಕಿ ಗಾಜು ಕೊಯ್ದು ಸಂಜೀಗೇ ಕೂಡಿಸಿ ಕೊಡ್ತೀನಿ" ಅಂದ್ರು. ರೇಟು ಉಸ್ತಾದಂದಕ್ಕಿಂತ ಎಷ್ಟೋ ಕಡಿಮಿ, ಅದ್ರಾಗೇ ಎಲ್ಲಾ ಬರ್ತದ. ಸಾಹುಕಾರ್ರ ಮಾರಿ ಅರಳಿತು.

ನನ್ನ ಮಾರಿ ಮಾತ್ರ ಸಣ್ಣಗಾತು. ತೊಡಿ ಮ್ಯಾಲ ಬಿದ್ದ ಚೂರು ನನಗ ಇನ್ನೂ ಮರತಿದ್ದಿಲ್ಲ. ಮೋಟಾರಿನ ಗಾಜಿನ್ಯಾಗ ಹೊಸಾ ನಮೂನಿ ಬಂದಾವು, ಒಡದ್ರೂ ಚೂರು ಸಿಡಿಯೂದಿಲ್ಲ ಅಂತ ಉಸ್ತಾದ ಹೇಳಿದ್ದ.

"ಸಾಹುಕಾರ್ರೀ, ಒಡದ್ರ ಈ ಗಾಜು ನನ್ನ ಕಣ್ಣಾಗೇ ಬರೂದು" ಅಂದೆ.

ಬಡಿಗ್ಯಾರಿಗಿ ಸಿಟ್ಟು ಬಂತು. ಗ್ವಾಡಿ ಮ್ಯಾಲಿನ ಒಂದು ಪಟ ತೋರಿಸಿದ್ರು. "ಇದು ನಮ್ಮ ಅಪ್ಪ ಹಾಕಿದ ಗಾಜು. ಅವತ್ತಿನಿಂದ ಇವತ್ತಿನ ಮಟ ಒಂದು ಕೂದಲಷ್ಟು ಗೆರಿ ಬಿದ್ದಿಲ್ಲ. ಇದಕ್ಕಿಂತ ಗ್ಯಾರಂಟಿ ಏನ್ ಬೇಕು?"

"ಖರೇರೀ" ಅಂದೆ. "ಆದ್ರ ಈ ಗ್ವಾಡಿ ಒಂದು ಸಲಾನಾದ್ರೂ ಯಾದಗಿರಿಗಿ ಹೋಗಿ ಬಂದದೇನ್ರೀ?"

ಗಾಜು ಕುಂತಿತು

ಆ ಮಾತಿಗಿ ಮೊದಲು ನಕ್ಕವರು ಬಡಿಗ್ಯಾರೇ. ಸಾಹುಕಾರ್ರೂ ನಕ್ರು. ನಗೂ ಹೊತ್ತಿನ್ಯಾಗ ನನ್ನ ಬಾತ ಕಣ್ಣು ಅವರ ಕಣ್ಣಿಗಿ ಬಿದ್ದಿರಬೇಕು. "ನಡಿ, ಉಸ್ತಾದನ ಕೂಡೇ ಬಗಿಹರಿಸೂಣ" ಅಂದ್ರು.

ಈ ಸಲ ಸಾಹುಕಾರ್ರೇ ಮೊದಲು ಮಾತಾಡಿದ್ರು. "ನಿನ್ನ ರೇಟು ಸ್ವಲ್ಪ ಏರಲಿ. ಆದ್ರ ಗಾಜು, ರಬ್ಬರು, ರೈಲಿನ ಬಾಡಿಗಿ, ಕೂಡ್ಸೋದು, ಎಲ್ಲಾ ಅದ್ರಾಗೇ. ಕೂತು ಗಟ್ಟಿ ಆಗೂತನಕ ಒಡದ್ರ ಜಿಮ್ಮೇದಾರಿ ನಿಂದು. ಒಪ್ಪಿದ್ರ ಇನ್ನ ಮುಂದ ಮೋಟಾರಿನ ಎಲ್ಲಾ ರಿಪೇರಿ ನಿನಗೇ." ಉಸ್ತಾದ ಗಡ್ಡ ಕೆರಕೊಂಡು, ಹೂಂ ಅಂದು, ಕೈ ಮ್ಯಾಲ ಕೈ ಹಾಕಿದ.

ಗಾಜು ಹುಲ್ಲು ತುಂಬಿದ ಪೆಟಿಗ್ಯಾಗ ಕೂಸಿನಂಗ ಮಲಗಿ ಬಂತು. ಉಸ್ತಾದ ಅದನ್ನ ಕೂಡಿಸಿ, ಒರಸಿ, ದೂರ ನಿಂತ. ಎಷ್ಟು ತಿಳಿ ಇತ್ತಂದ್ರ, ಗಾಜು ಅದನೋ ಇಲ್ಲೋ ಅನ್ನೋದು ತಿಳೀತಿದ್ದಿಲ್ಲ. ಸೀಟಿನ್ಯಾಗ ಕುಂತು ನೋಡಿದೆ. ಹಾದಿ ಶಹಾಪುರದ ಕಡಿ ಧೂಳಿಲ್ಲದ ಸ್ವಚ್ಛ ಕಾಣಾಕತ್ತಿತ್ತು. ನನ್ನ ಕೆಲಸ ಉಳೀತು, ಕಣ್ಣೂ ಉಳದ್ವು ಅಂತ ಜೀವ ಹಗುರಾತು.

ಮೋಟಾರು ತುಂಬ ಮಂದಿ ಹತ್ತಿದ್ರು. ಸಾಹುಕಾರ್ರು ಹೊಸಾ ರುಮಾಲ ಸುತ್ತಿ, ಬಾಯಿ ತುಂಬ ಎಲಿಅಡಿಕಿ ಹಾಕ್ಕೊಂಡು ನನ್ನ ಬಾಜೂಕ ಕುಂತ್ರು. ಗಾಜಿಲ್ಲದ ದಿನದಾಗ ಅವರಿಗಿ ಒಂದು ರೂಢಿ ಬಿದ್ದಿತ್ತು. ಮೋಟಾರು ಹೊಂಡೂಕಿಂತ ಮೊದಲು ಕುಂತಲ್ಲಿಂದನೇ, ಬಾನೆಟ್ಟು ದಾಟಿಸಿ ಹಾದಿಗಿ ಪಿಚಕ್ ಅಂತ ಉಗಳೋದು. ಗುರಿ ಒಂದು ಸಲಾನೂ ತಪ್ಪಿದ್ದಿಲ್ಲ.

ನಾನು ಎಂಜಿನ್ನು ಚಾಲೂ ಮಾಡಬೇಕು ಅನ್ನೂದ್ರಾಗ ಅವರು ಮಾರಿ ಮುಂದ ಚಾಚಿದ್ರು. "ಸಾಹುಕಾರ್ರೀ, ತಡೀರಿ..." ಅನ್ನೂದಕ್ಕೂ ಪಿಚಕ್ ಅನ್ನೂದಕ್ಕೂ ಸರಿ ಹೋತು.

ಹೊಸಾ ಗಾಜು ಕೆಂಪಗಾತು. ರುಮಾಲೂ ಕೆಂಪಗಾತು. ಸಾಹುಕಾರ್ರ ಮೂಗಿನ ತುದಿಯಿಂದ ಒಂದು ಹನಿ ತೊಟ್ಟಿಕ್ಕಿತು. ಹೊರಗ ಉಸ್ತಾದ ಮಾರಿ ಆ ಕಡಿ ತಿರುಗಿಸಿಕೊಂಡು ಹೆಗಲು ಕುಣಿಸಾಕತ್ತಿದ್ದ.

ಸಾಹುಕಾರ್ರು ಸಾವಕಾಶ ಮಾರಿ ಒರಸಿಕೊಂಡ್ರು. ಆಮ್ಯಾಲ ಕೈಬಟ್ಟು ಮಡಚಿ ಗಾಜಿಗಿ ಟಕ್ ಟಕ್ ಅಂತ ಬಡದು ನೋಡಿ, ಎಲ್ಲಾರಿಗೂ ಕೇಳೋಹಂಗ ಹೇಳಿದ್ರು:

"ಮಾಲು ಖರೇ ಅದ. ಬಿಡು ಮೋಟಾರು!"