ಮಾವನ ಹಾಲಿನ ಲೆಕ್ಕ

ನಮ್ಮ ಸೋದರಮಾವನ ಎದುರು ಒಂದು ಲೋಟ ಹಾಲು ಕುಡಿಯುವುದಕ್ಕಿಂತ ಪೊಲೀಸ್ ಠಾಣೆಯಲ್ಲಿ ಹೇಳಿಕೆ ಕೊಡುವುದು ಸುಲಭ! ಯಾವ ಹಸುವಿನದು, ಎಲ್ಲಿ ಮೇಯ್ದದ್ದು, ಕರೆದು ಎಷ್ಟು ದಿನವಾಯಿತು? ಪಾಪ, ಅದು ಕಸುಬಿನಿಂದ ಅಂಟಿದ ಚಾಳಿ. ಅಣು ಅವಘಡವಾದ ಕಡೆ ಹುಲ್ಲು, ಹಸುವಿನ ಹಾಲಿನ ಮೂಲಕ ಜನರ, ಅದರಲ್ಲೂ ಮಕ್ಕಳ ಮೈಯೊಳಗೆ ಎಷ್ಟು ವಿಕಿರಣ ಸೇರಿತೆಂದು ಅಂದಾಜು ಮಾಡುವ ಕೆಲಸದಲ್ಲೇ ತಲೆ ನರೆಸಿಕೊಂಡವರು. ಜನ ತಾವು ತಿಂದದ್ದು ಕುಡಿದದ್ದನ್ನು ನೆನಪಿಸಿಕೊಂಡು ತುಂಬಿ ಕಳಿಸಿದ ಫಾರಂಗಳೇ ಅದಕ್ಕೆ ಆಧಾರ. ನೆನಪನ್ನು ನಂಬುವಂತಿಲ್ಲವಲ್ಲ, ಹಾಗಾಗಿ ಒಂದೇ ಪ್ರಶ್ನೆಯನ್ನು ಮೂರು ಥರ ಕೇಳುತ್ತಾರೆ. ಜಾಲಹಳ್ಳಿಯಲ್ಲಿ ಅವರ ಪಕ್ಕದ ಮನೆಯಾಕೆ ಪ್ರೀತಿಯಿಂದ ಸೊಪ್ಪಿನ ಸಾರು ಕೊಟ್ಟರೆ, "ಸೊಪ್ಪು ಎಷ್ಟು ನೀರಲ್ಲಿ ತೊಳೆದ್ರಿ?" ಎಂದರಂತೆ. ಸಾರು ಬರುವುದು ಅಂದಿಗೇ ನಿಂತಿತು!

ಇಂಥವರಿಗೆ ಹೋದ ತಿಂಗಳು ನಾನೇ ಅಳುತ್ತಾ ಫೋನ್ ಮಾಡಿದೆ. ಅಂದು ಬೆಳಿಗ್ಗೆ ಹೆಬ್ಬಾಳದಲ್ಲಿ ನನ್ನ ಥೈರಾಯ್ಡ್ ಸ್ಕ್ಯಾನ್ ಆಗಿತ್ತು. ಅದಕ್ಕೆಂದು ವಿಕಿರಣದ ಇಂಜೆಕ್ಷನ್ ಕೊಟ್ಟು, ನಾಳೆಯವರೆಗೆ ಮಗುವಿಗೆ ಎದೆಹಾಲು ಬೇಡ ಎಂದಿದ್ದರು. ಮನೆಗೆ ಬಂದೆ, ಮೂರು ತಿಂಗಳ ಮಗಳು ಹಸಿದು ಕಿರುಚುತ್ತಿದ್ದಳು, ಅಭ್ಯಾಸಬಲದಿಂದ ಎತ್ತಿಕೊಂಡೆ. ಕುಡಿಸಿ ಮುಗಿಸಿದ ಮೇಲೆ ನೆನಪಾಯಿತು! ಆಸ್ಪತ್ರೆಗೆ ಫೋನ್ ಮಾಡಿದರೆ, ಡಾಕ್ಟರು ಬಂದ ಮೇಲೆ ಹೇಳಿಸ್ತೀವಿ ಎಂದರು. ಆಗಲೇ ಮಾವನಿಗೆ ಫೋನ್ ಮಾಡಿದ್ದು.

ಮಾವ ಅರ್ಧ ಗಂಟೆಯಲ್ಲಿ ಯಲಹಂಕದ ನಮ್ಮ ಮನೆಯಲ್ಲಿದ್ದರು. ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ!

"ಇಂಜೆಕ್ಷನ್ ಎಷ್ಟು ಗಂಟೆಗೆ?"

"ಎಂಟೂವರೆ."

"ಕುಡಿಸಿದ್ದು?"

"ಹನ್ನೆರಡೂವರೆ."

"ಎಷ್ಟು ನಿಮಿಷ? ಒಂದೇ ಕಡೆನಾ, ಎರಡೂ ಕಡೆನಾ?"

ಪಕ್ಕದಲ್ಲೇ ಗಂಡನ ತಾಯಿ ನಿಂತಿದ್ದರು; ಅತ್ತೆಯ ಮುಂದೆ ಸೋದರಮಾವ ಕೇಳುವ ಪ್ರಶ್ನೆಯೇ ಇದು? ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೂ ಮೂರು ಸಲ ಉತ್ತರ ಕೊಟ್ಟೆ.

ಅತ್ತೆಗೆ ತಡೆಯಲಾಗಲಿಲ್ಲ. "ಅಷ್ಟು ಹೇಳಿ ಕಳ್ಸಿದ್ರೂ ಯಾಕಮ್ಮಾ ಕುಡಿಸ್ದೆ?"

ಮಾವ ಪೆನ್ನು ಕೆಳಗಿಟ್ಟರು. "ಆ ಪ್ರಶ್ನೆ ನಮ್ಮ ಫಾರಮ್ಮಲ್ಲಿ ಇರ್ಲಿಲ್ಲ ಕಣ್ರಮ್ಮ. ಯಾವ ತಾಯಿಗೂ ಅದನ್ನ ಕೇಳ್ಬಾರ್ದು."

ಮತ್ತೆ ಆಸ್ಪತ್ರೆಯ ಚೀಟಿ ನೋಡಿ ಬರೆದರು, ಹೊಡೆದುಹಾಕಿದರು, ಬರೆದರು. ನಾನು ಅವರ ಮುಖವನ್ನೇ ನೋಡುತ್ತಾ ಕುಳಿತೆ. ಆ ಹತ್ತು ನಿಮಿಷ ಯಾವ ಶತ್ರುವಿಗೂ ಬೇಡ.

"ಹೆದರ್ಬೇಡ. ಮಗು ಮೈಗೆ ಸೇರಿರೋ ವಿಕಿರಣ, ನಾವೆಲ್ಲ ಒಂದು ವರ್ಷದಲ್ಲಿ ಈ ನೆಲ, ಗಾಳಿಯಿಂದ ತಗೊಳ್ಳೋದಕ್ಕಿಂತ ಕಮ್ಮಿನೇ. ನಾಳೆವರೆಗೂ ಮತ್ತೆ ಕುಡಿಸ್ಬೇಡ, ಅಷ್ಟೇ."

ಅಷ್ಟರಲ್ಲಿ ಡಾಕ್ಟರ ಫೋನೂ ಬಂತು. ಅವರೂ ಅದನ್ನೇ ಹೇಳಿದರು. ನಾನು ಗಳಗಳನೆ ಅತ್ತುಬಿಟ್ಟೆ.

ಮಾವ ಮಾತ್ರ ಏಳಲಿಲ್ಲ. "ಸ್ವಲ್ಪ ಎತ್ಕೊಳ್ಳಲಾ?" ಎಂದು ಸಂಕೋಚದಿಂದ ಕೈ ಚಾಚಿದರು. ಕೊಟ್ಟೆ. ಮಗಳು ಅವರ ಅಂಗಿಯ ಗುಂಡಿ ಹಿಡಿದು ಎಳೆದಳು.

"ಸಾವಿರಾರು ಮಕ್ಕಳ ಲೆಕ್ಕ ಹಾಕಿದೀನಿ ಕಣಮ್ಮ," ಎಂದರು. "ಒಂದರ ಮುಖಾನೂ ನೋಡಿರ್ಲಿಲ್ಲ."