ಹುನಗುಂದದಲ್ಲಿ ತಯಾರಾದ ಸಂಜೆ

ಹೆಂಡತಿಯ ಮೇಲಿನ ಪ್ರೀತಿಯನ್ನು ಬಾಯಿಬಿಟ್ಟು ಹೇಳಲು ಬಾರದ ಗಂಡಸರು ಸಾಮಾನ್ಯವಾಗಿ ಏನನ್ನಾದರೂ ರಿಪೇರಿ ಮಾಡತೊಡಗುತ್ತಾರೆ. ನಾನೂ ಆ ಪೈಕಿಯವನೇ. ಮದುವೆಯಾದ ಹೊಸದರಲ್ಲಿ ನಾನು ಹುನಗುಂದದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುತ್ತಿದ್ದೆ. ಹೆಂಡತಿ ಕಸ್ತೂರಿ ಬಾದಾಮಿಯಲ್ಲಿ ಸರಕಾರಿ ನರ್ಸು. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಅವಳ ಬಾಡಿಗೆ ಕೋಣೆಗೆ ಹೋಗುವುದು, ಸೋಮವಾರ ನಸುಕಿನಲ್ಲಿ ವಾಪಸು ಬರುವುದು, ಇದು ನಮ್ಮ ಸಂಸಾರ. ವಾರವಿಡೀ ಕೂಡಿಟ್ಟ ಮಾತುಗಳು ದಾರಿಯ ಗುಳೇದಗುಡ್ಡದವರೆಗೂ ಚೆನ್ನಾಗಿ ನೆನಪಿರುತ್ತಿದ್ದವು. ಅವಳು ಬಾಗಿಲು ತೆರೆದಳೋ ಇಲ್ಲವೋ, ಒಂದೂ ನಾಲಿಗೆಗೆ ಬರುತ್ತಿರಲಿಲ್ಲ. ಮೇಲೆ ನೋಡಿ, ಫ್ಯಾನು ಯಾಕೋ ಸದ್ದು ಮಾಡುತ್ತಿದೆಯಲ್ಲ ಎನ್ನುತ್ತಿದ್ದೆ. ಹೀಗೆ ಫ್ಯಾನು, ಸ್ಟೋವು, ಬಾಗಿಲ ಚಿಲಕ ಎಲ್ಲವೂ ಒಂದೊಂದಾಗಿ ಸರಿಹೋದವು. ಕೋಣೆಯಲ್ಲಿ ಕೆಟ್ಟದ್ದೇನೂ ಉಳಿಯದೆ ಕೊನೆಗೆ ನಾನು ಕಂಗಾಲಾದೆ.

ಅವಳನ್ನು ಹುನಗುಂದಕ್ಕೆ ವರ್ಗ ಮಾಡಿಸಲು ಬಾಗಲಕೋಟೆಯ ನವನಗರದ ಆರೋಗ್ಯ ಇಲಾಖೆ ಕಚೇರಿಗೂ ಅಲೆಯುತ್ತಿದ್ದೆ. ಹೋದಾಗಲೆಲ್ಲ ಫೈಲು ಮೇಲಕ್ಕೆ ಹೋಗಿದೆ ಎನ್ನುತ್ತಿದ್ದರು. ಅವರು ಹೇಳಿದ ಲೆಕ್ಕದಲ್ಲಿ ಅದು ಅಷ್ಟೊತ್ತಿಗೆ ಮಾಳಿಗೆ ಏರಿ ಬಿಸಿಲು ಕಾಯುತ್ತಿರಬೇಕು. ಇತ್ತ ಕಸ್ತೂರಿಗೆ ತಿಂಗಳುಗಟ್ಟಲೆ ಎರಡನೆಯ ಪಾಳಿಯೇ ಬಿತ್ತು. ಮಧ್ಯಾಹ್ನ ಎರಡಕ್ಕೆ ಒಳಗೆ ಹೋದರೆ ಹೊರಬರುವುದು ರಾತ್ರಿ ಎಂಟಕ್ಕೆ. ಒಂದು ಬೆಳಿಗ್ಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಏನು ಸಮಾಚಾರ ಎಂದು ಕೇಳಿದೆ. ಅವಳು ಹೇಳಿದಳು: “ದವಾಖಾನಿ ಟ್ಯೂಬ್‌ಲೈಟಿನ ಕೆಳಗಿಂದ ಬಂದು ಮತ್ತ ಖೋಲಿ ಟ್ಯೂಬ್‌ಲೈಟಿನ ಕೆಳಗ ಕುಂದ್ರತೇನಿ. ಸಂಜಿ ಅಂದ್ರ ಹೆಂಗಿರ್ತೈತಿ ಅನ್ನೂದ ಮರತ್ಹೋಗೇತ್ರಿ ನನಗ.”

ಬೇರೆ ಯಾವ ಗಂಡನಾದರೂ ಆ ಕ್ಷಣ ಏನಾದರೂ ನಾಲ್ಕು ಒಳ್ಳೆಯ ಮಾತು ಆಡುತ್ತಿದ್ದನೇನೋ. ನಾನು ಹೂಂ ಎಂದು ಫೋನಿಟ್ಟು, ಬೂತಿನಿಂದ ಕಾಲೇಜಿಗೆ ಹೋಗುವ ದಾರಿಯಲ್ಲಿ ಒಂದು ಸಂಜೆಯನ್ನೇ ತಯಾರಿಸಿ ಕೊಡುವುದೆಂದು ತೀರ್ಮಾನಿಸಿದೆ. ಕೆಂಪು, ಹಸಿರು, ನೀಲಿ, ಮೂರು ಎಲ್‌ಇಡಿ ದೀಪ. ಒಂದು ಏರುವಾಗ ಇನ್ನೊಂದು ಇಳಿಯಬೇಕು, ಬಣ್ಣ ಬಣ್ಣದೊಳಗೆ ಕರಗಬೇಕು. ಕಂಪ್ಯೂಟರ್ ಹೇಳುವ ದೇಸಾಯಿ ಸರ್ ಈ ವಿಷಯ ಕೇಳಿ, ಅದಕ್ಕೊಂದು ಚಿಪ್ ಬೇಕು, ಚಿಪ್ಪಿಗೆ ಪ್ರೋಗ್ರಾಮ್ ಬರೆಯಬೇಕು ಎಂದರು. ನನಗೆ ಪ್ರೋಗ್ರಾಮ್ ಬಾರದು. ಬಾದಾಮಿಯ ಗುಡ್ಡದ ಮೇಲೆ ಇಷ್ಟು ಕಾಲ ಯಾರ ಪ್ರೋಗ್ರಾಮೂ ಇಲ್ಲದೆ ಸಂಜೆ ಆಗುತ್ತ ಬಂದಿದೆಯಲ್ಲ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ.

ಎಲ್ಲ ಕೆಲಸ ಕರೆಂಟು ಕೂಡಿಟ್ಟುಕೊಳ್ಳುವ ಕೆಪಾಸಿಟರಿನದು. ಅದೊಂದು ನೀರಿನ ಹರವಿ ಇದ್ದ ಹಾಗೆ. ಸಣ್ಣ ನಳದಿಂದ ನೀರು ಬಿಟ್ಟರೆ ನಿಧಾನ ತುಂಬುತ್ತದೆ, ನಿಧಾನ ಬರಿದಾಗುತ್ತದೆ. ತುಂಬು, ಖಾಲಿಯಾಗು ಎಂದು ಅಪ್ಪಣೆ ಕೊಡಲು ಒಂದೊಂದು ಬಣ್ಣಕ್ಕೆ ಪ್ರೋಗ್ರಾಮ್ ಬೇಡದ ಒಂದೊಂದು ಟೈಮರ್ ಐಸಿ. ಮೊದಲ ಸಲ ಜೋಡಿಸಿದಾಗ ದೀಪಗಳು ಆಂಬುಲೆನ್ಸಿನ ಹಾಗೆ ಫಕಫಕ ಹೊಡೆದುಕೊಂಡವು. ದವಾಖಾನೆಯಿಂದ ದಣಿದು ಬಂದವಳಿಗೆ ಇದನ್ನು ಹೇಗೆ ಕೊಡುವುದು? ಐಸಿಯ ಹೊರಬಾಗಿಲಿನಲ್ಲಿ ಇರುವುದು ಹೌದು ಅಥವಾ ಅಲ್ಲ ಎರಡೇ. ಏರಿಳಿತವೆಲ್ಲ ಕೆಪಾಸಿಟರಿನ ಬಾಯಲ್ಲಿದೆ ಎಂದು ಹೊಳೆಯಲು ನನಗೆ ಒಂದು ವಾರ ಬೇಕಾಯಿತು. ಅಲ್ಲಿಂದ ನೇರವಾಗಿ ದೀಪ ಹಚ್ಚಿದರೆ ಹರವಿಯೇ ಬರಿದಾಗುತ್ತದೆ. ನಡುವೆ, ಹರವಿಯ ಮಟ್ಟ ನೋಡಿ ಸೆಲ್ಲಿನಿಂದ ದೀಪಕ್ಕೆ ಕರೆಂಟು ಬಿಡುವ ಒಂದು ಟ್ರಾನ್ಸಿಸ್ಟರ್ ಇಟ್ಟೆ. ದೀಪಗಳು ಉಸಿರಾಡತೊಡಗಿದವು. ನೀಲಿ ದೀಪ ಬಾಗಲಕೋಟೆಯಲ್ಲಿ ಸಿಗದೆ ಹುಬ್ಬಳ್ಳಿಯಿಂದ ತರಿಸಿದೆ. ಮೂರು ಬಣ್ಣ ಬೆರೆಯಲು ಹಾಲು ಬಣ್ಣದ ಮುಸುಕು ಬೇಕಿತ್ತು. ಅಮೀನಗಡದ ಕರದಂಟಿನ ಬಿಳಿ ಪ್ಲಾಸ್ಟಿಕ್ ಡಬ್ಬಿ ಹೇಳಿ ಮಾಡಿಸಿದಂತಿತ್ತು. ಅದನ್ನು ಖಾಲಿ ಮಾಡುವ ಕಷ್ಟವನ್ನೂ ಪ್ರೀತಿಗಾಗಿ ನಾನೊಬ್ಬನೇ ಅನುಭವಿಸಿದೆ. ಒಂದೇ ಒಂದು ಐಬು ಉಳಿಯಿತು. ಕೆಂಪಿಗೆ ಕರೆಂಟಿನ ಆಸರೆ ಸ್ವಲ್ಪವೇ ಸಾಕು. ಹೀಗಾಗಿ ಅದು ಎಷ್ಟು ಇಳಿದರೂ ಪೂರ್ತಿ ಆರುತ್ತಿರಲಿಲ್ಲ.

ಶನಿವಾರ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಹೊರಗೆ ಇಳಿಬಿದ್ದ ವೈರು ನೋಡಿ ಪಕ್ಕದವರು ಎದ್ದು ಹಿಂದಿನ ಸೀಟಿಗೆ ಹೋದರು. ಕಂಡಕ್ಟರು ಏನಿದು ಎಂದು ಕೇಳಿದಾಗ ಗಡಿಬಿಡಿಯಲ್ಲಿ ಸಂಜೆ ಎಂದುಬಿಟ್ಟೆ. ಅವರು ನನ್ನ ಮುಖ ಒಮ್ಮೆ ನೋಡಿ, ಟಿಕೇಟು ಹರಿದು ಕೊಟ್ಟು, ಮತ್ತೆ ನನ್ನ ಕಡೆ ಬರಲಿಲ್ಲ.

ಎಂಟು ದಾಟಿದ ಮೇಲೆ ಕಸ್ತೂರಿ ಬಂದಳು. ಕರೆಂಟು ಹೋಗಿತ್ತು. ನನ್ನದು ಟಾರ್ಚಿನ ಸೆಲ್ಲಿನ ಮೇಲೆ ನಡೆಯುವ ಸಂಜೆಯಾದ್ದರಿಂದ ಚಿಂತೆ ಇರಲಿಲ್ಲ. ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ ಸ್ವಿಚ್ ಒತ್ತಿದೆ. ಅವಳಿನ್ನೂ ಕೆಲಸದ ಬಿಳಿ ಸೀರೆಯಲ್ಲೇ ಇದ್ದಳು. ಆ ಸೀರೆ ಮೊದಲು ಕೆಂಪಾಯಿತು, ಅರಿಶಿನವಾಯಿತು, ಯಾವಾಗ ಎಂದು ತಿಳಿಯದ ಹಾಗೆ ನೇರಳೆಗೆ ತಿರುಗಿತು. ಪಕ್ಕದ ಮನೆಯಲ್ಲೇ ಇರುವ ಮಾಲಕಿ ಶಂಕ್ರವ್ವ ಬಾಗಿಲಲ್ಲಿ ಇಣುಕಿ, ಸೆಲ್ಲು ಸಾಯಲು ಹತ್ತಿವೆ, ಬೇರೆ ಹಾಕು ತಮ್ಮಾ ಎಂದು ಹೇಳಿ ಹೋದರು. ನಾನು ಸ್ಕ್ರೂಡ್ರೈವರ್ ಹಿಡಿದು ನೀಲಿಯನ್ನು ಇನ್ನಷ್ಟು ನಿಧಾನ ಮಾಡುತ್ತ, ಕೆಂಪು ಪೂರ್ತಿ ಆರದಿರುವುದಕ್ಕೆ ಕಾರಣ ವಿವರಿಸತೊಡಗಿದೆ.

ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಇಳಕಲ್ಲಿನ ತವರುಮನೆಯ ಮಾತು ತೆಗೆದಳು. ಅವಳಪ್ಪ ದಿನವಿಡೀ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರು ಯಾರ ಜೊತೆಗೂ ಮಾತಾಡುತ್ತಿರಲಿಲ್ಲವಂತೆ. “ನೂಲಿನ ಎಳಿ ಬಣ್ಣ ಗೊತ್ತಾಗದಂಗ ಆದ ಕೂಡಲೆ ಮಗ್ಗ ನಿಂದರ್ತಿತ್ತು. ಆವಾಗ ಅಪ್ಪ ಎದ್ದು ಬಂದು ಕಟ್ಟಿ ಮ್ಯಾಲ ನಮ್ಮ ಬಾಜೂಕ ಕುಂದರ್ತಿದ್ದ. ಅದ ನೋಡ್ರಿ ನಮಗ ಸಂಜಿ ಅಂದ್ರ.” ಆಮೇಲೆ ಮೆಲ್ಲಗೆ ಹೇಳಿದಳು: “ಆ ಸ್ಕ್ರೂಡ್ರೈವರ್ ಕೆಳಗಿಡ್ರಿ.”

ಇಟ್ಟೆ. ಪಕ್ಕದಲ್ಲಿ ಕೂತೆ. ಅವಳು ಭುಜಕ್ಕೆ ತಲೆಯಿಟ್ಟಳು. ಕೆಂಪು ಆರದೆ ಉಳಿದದ್ದೇ ಒಳ್ಳೆಯದಾಯಿತು ಎಂದಳು. ಅದೆಷ್ಟು ಸಲ ಬಣ್ಣ ತಿರುಗಿತೋ, ನಾವಿಬ್ಬರೂ ಮಾತಾಡಲಿಲ್ಲ. ಮಾತು ಬಾರದವನಿಗೆ ಅಷ್ಟು ಸಲೀಸಾದ ಸಂಜೆ ಹಿಂದೆ ಸಿಕ್ಕಿರಲಿಲ್ಲ.

ಸೋಮವಾರದ ಬಸ್ಸಿನಲ್ಲಿ ನನಗೆ ಜ್ಞಾನೋದಯವಾಯಿತು. ಇಷ್ಟು ದಿನ ಅವಳನ್ನು ನನ್ನೂರಿಗೆ ಎಳೆಯುತ್ತಿದ್ದೆನೇ ಹೊರತು ನಾನೇ ಅಲ್ಲಿಗೆ ಹೋಗಬಹುದೆಂದು ಯೋಚಿಸಿರಲಿಲ್ಲ. ಯಾರಿಗೂ ಹೇಳದೆ ಬಾದಾಮಿಯ ಕಾಲೇಜೊಂದರಲ್ಲಿ ಕೆಲಸ ಗಿಟ್ಟಿಸಿ, ಜೂನ್‌ನಲ್ಲಿ ಹಾಸಿಗೆ ಟ್ರಂಕು ಸಮೇತ ಹೋಗಿ ಅವಳೆದುರು ನಿಂತೆ. ಕಸ್ತೂರಿ ನಕ್ಕಳು, ಅತ್ತಳು, ಹುಗ್ಗಿ ಮಾಡಿದಳು. ಹುಗ್ಗಿಯ ರುಚಿ ನಾಲಿಗೆಯ ಮೇಲಿರುವಾಗಲೇ ಆದೇಶ ಬಂತು. ನನ್ನ ಓಡಾಟಕ್ಕೆ ಮೆಚ್ಚಿ ಸರಕಾರ ಅವಳನ್ನು ಹುನಗುಂದಕ್ಕೆ ವರ್ಗ ಮಾಡಿತ್ತು.

ಈಗ ಅವಳು ಅಲ್ಲಿ, ನಾನು ಅವಳ ಕೋಣೆಯಲ್ಲಿ. ದೀಪವನ್ನು ಒಯ್ಯಲಿಲ್ಲ, ನಿಮಗೇ ಬೇಕಾಗುತ್ತದೆ ಎಂದು ಬಿಟ್ಟು ಹೋದಳು. ಕಾಲೇಜಿನಿಂದ ಬಂದು ಅದನ್ನು ಹಚ್ಚಿ ಗೋಡೆಗೆ ಒರಗಿ ಕೂರುತ್ತೇನೆ. ಪಕ್ಕದ ಜಾಗದ ಮೇಲೂ ನೇರಳೆ ಬಣ್ಣ ಬಂದು ಹೋಗುತ್ತದೆ. ಮರಳಿ ಬಾದಾಮಿಗೆ ಹಾಕಿಕೊಡಿ ಎಂದು ಮತ್ತೆ ಅರ್ಜಿ ಹೋಗಿದೆ. ಈ ಸಲ ನವನಗರಕ್ಕೆ ಅವಳೇ ಹೋಗಿ ಬರುತ್ತಿದ್ದಾಳೆ. ನಾನು ಹೋದರೆ ಇಬ್ಬರಿಗೂ ಗೊತ್ತಿಲ್ಲದ ಮೂರನೆಯ ಊರಿಗೆ ಹಾಕಿಸಿಕೊಂಡು ಬಂದೇನು ಎಂಬ ಭಯ ಅವಳಿಗೆ.